ಸಿಹಿನೀರಿನ ಪುಟ್ಟ ಲಿಂಪೆಟ್ ಹುಡುಕುವುದು, ಗುರುತಿಸುವುದು ಹೇಗೆ? ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಎರಡು ಗಂಟೆ ಕಲ್ಲು ತಿರುವಿದರೂ ಒಂದೂ ಲಿಂಪೆಟ್ ಸಿಗಲಿಲ್ಲ ಅಂತ ಹೇಳುವವರು ತುಂಬಾ ಜನ. ಸಿಕ್ಕಿತು ಅನ್ನುವವರು ತೋರಿಸುವ ಫೋಟೊದಲ್ಲಿ ಎಷ್ಟೋ ಸಲ ಯಾವುದೋ ದುಂಬಿಯ ಮರಿಯೋ ಜಿಗಣೆಯ ಮೊಟ್ಟೆಗೂಡೋ ಇರುತ್ತದೆ. ಇನ್ನು ಕೆಲವರಿಗೆ ನಿಜವಾಗಿಯೂ ಸಿಕ್ಕಿರುತ್ತದೆ. ಆದರೆ ಉಗುರಿನಿಂದ ಕೀಳಲು ಹೋಗಿ ಚಿಪ್ಪು ಪುಡಿಯಾಗಿರುತ್ತದೆ, ಕೈಯಲ್ಲಿ ಉಳಿಯುವುದು ಒಂದು ಚೂರು ಲೋಳೆ ಅಷ್ಟೇ.

ಈ ಮೂರೂ ಕಡೆ ಎಡವುವುದು ಅವಸರದಿಂದ. ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಿದರೆ ಆಗುವುದಿಲ್ಲ. ಮೊದಲು ಜಾಗ, ಆಮೇಲೆ ಕಲ್ಲು, ಆಮೇಲೆ ನೀರಿನ ಟ್ರೇ, ಆಮೇಲೆ ಕಾಯುವುದು, ಎಲ್ಲಕ್ಕಿಂತ ಕೊನೆಗೆ ಲೆನ್ಸ್. ಇದೇ ಕ್ರಮದಲ್ಲಿ ಬರೆಯುತ್ತಿದ್ದೇನೆ, ಇದೇ ಕ್ರಮದಲ್ಲಿ ಮಾಡಿ.

## ಶುರು ಮಾಡುವ ಮುಂಚೆ: ಯಾವುದನ್ನು ಹುಡುಕುತ್ತಿದ್ದೀರಿ?

ಲಿಂಪೆಟ್ ಅಂದರೆ ಬಸವನಹುಳುವೇ. ಆದರೆ ಚಿಪ್ಪು ಸುರುಳಿಯಾಗಿರುವುದಿಲ್ಲ, ಮಗುಚಿಟ್ಟ ಪುಟ್ಟ ದೋಣಿಯ ಹಾಗೆ ಅಥವಾ ಟೋಪಿಯ ಹಾಗೆ ಇರುತ್ತದೆ. ಸಮುದ್ರದ ಬಂಡೆಗೆ ಅಂಟಿಕೊಂಡಿರುವ ದೊಡ್ಡ ಲಿಂಪೆಟ್‌ಗಳಿಗೂ ಇವುಗಳಿಗೂ ಹತ್ತಿರದ ನೆಂಟಸ್ತಿಕೆ ಇಲ್ಲ, ಆಕಾರ ಮಾತ್ರ ಒಂದೇ ಥರ.

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳುತ್ತಿರುವುದು ಫೆರಿಸ್ಸಿಯಾ ಎಂಬ ಕುಲದ ಬಗ್ಗೆ. ಅದರಲ್ಲೂ ಫೆರಿಸ್ಸಿಯಾ ಕ್ಯಾಲಿಫೋರ್ನಿಕಾ ಅನ್ನುವ ಜಾತಿ ಉತ್ತರ ಅಮೆರಿಕದಿಂದ ಹೊರಟು ಬೇರೆ ಖಂಡಗಳಿಗೂ ಹಬ್ಬಿದೆ. ಚಿಪ್ಪಿನ ಉದ್ದ ಹೆಚ್ಚಾಗಿ 3ರಿಂದ 5 ಮಿಲಿಮೀಟರ್. ಅಂದರೆ ಒಂದು ಅಕ್ಕಿಕಾಳಿಗಿಂತ ಗಿಡ್ಡ. ಚಿಪ್ಪು ತೆಳು, ಬೆಳಕು ಹಾಯುತ್ತದೆ. ಕಲ್ಲಿನ ಬಣ್ಣವೇ ಅದರ ಮೂಲಕ ಕಾಣುವುದರಿಂದ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ.

ಜಾಗ ಆರಿಸುವಾಗ ನೆನಪಿರಬೇಕಾದ ಮಾತು ಒಂದಿದೆ. ಕೆರೆಯ ಎಷ್ಟೋ ಬಸವನಹುಳುಗಳು ಉಸಿರಾಡಲು ಮೇಲೆ ಬರುತ್ತವೆ, ಲಿಂಪೆಟ್ ಹಾಗೆ ಬರುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಚರ್ಮದಿಂದ, ಪಕ್ಕದಲ್ಲಿರುವ ಕಿವಿರಿನಂಥ ಮಡಿಕೆಯಿಂದ ಎಳೆದುಕೊಳ್ಳುತ್ತದೆ. ಮುಂದೆ ಹೇಳುವ ಅರ್ಧ ವಿಷಯ ಇದರಿಂದಲೇ ಹುಟ್ಟುತ್ತದೆ.

## ಬೇಕಾಗುವ ಸಾಮಾನು

- ಬಿಳಿ ಟ್ರೇ, 4–5 ಸೆಂಟಿಮೀಟರ್ ಆಳದ್ದು. ಬಿಳಿಯದೇ ಆಗಬೇಕು, ಬೇರೆ ಬಣ್ಣದಲ್ಲಿ ಏನೂ ಕಾಣಿಸುವುದಿಲ್ಲ.
- 10 ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸ್.
- ಮೆತ್ತನೆಯ ಚಿತ್ರ ಬಿಡಿಸುವ ಬ್ರಶ್, ಅತಿ ಸಣ್ಣದು.
- ತೆಳುವಾದ, ಬಗ್ಗುವ ಪ್ಲಾಸ್ಟಿಕ್ ಹಾಳೆಯ ತುಂಡು.
- ಚಿಕ್ಕ ಪಾರದರ್ಶಕ ಡಬ್ಬಿ ಅಥವಾ ಗಾಜಿನ ಸ್ಲೈಡ್.
- ಮಿಲಿಮೀಟರ್ ಗೆರೆ ಇರುವ ಗ್ರಾಫ್ ಹಾಳೆ, ಪ್ಲಾಸ್ಟಿಕ್ ಕವರಿನೊಳಗೆ.
- ರಬ್ಬರ್ ಬೂಟು, ಕೈಗವಸು, ಪೆನ್ಸಿಲ್, ನೋಟ್‌ಬುಕ್.

ಚಿಮಟ ಬೇಡ. ಚಾಕು, ಬ್ಲೇಡು ಅಂತೂ ಬೇಡವೇ ಬೇಡ. ಚಿಮಟ ಕೈಯಲ್ಲಿದ್ದರೆ ಬಳಸಬೇಕು ಅನ್ನಿಸುತ್ತದೆ, ಬಳಸಿದರೆ ಚಿಪ್ಪು ಒಡೆಯುತ್ತದೆ.

ಬೂಟು, ಕೈಗವಸನ್ನು ಸುಮ್ನೆ ಪಟ್ಟಿಗೆ ಸೇರಿಸಿಲ್ಲ. ಕೆಲವು ಪ್ರದೇಶಗಳಲ್ಲಿ ಸಿಹಿನೀರಿನ ಬಸವನಹುಳುಗಳಿಂದ ಹೊರಬೀಳುವ ಪರಾವಲಂಬಿ ಮರಿಗಳು ಮನುಷ್ಯರ ಚರ್ಮ ತೂರಿ ಒಳಗೆ ಹೋಗುತ್ತವೆ. ಶಿಸ್ಟೊಸೋಮಿಯಾಸಿಸ್ ಕಾಯಿಲೆ ಬರುವುದು ಹೀಗೆಯೇ. ಆ ಕಾಯಿಲೆ ಇರುವ ಕಡೆ ನೀರಿಗೆ ಇಳಿಯಲೇಬೇಡಿ.

## ಹಂತ 1: ಜಾಗ ಆರಿಸಿ

ಫೆರಿಸ್ಸಿಯಾ ನಿಂತ ನೀರಲ್ಲೂ ಇರುತ್ತದೆ, ನಿಧಾನ ಹರಿಯುವ ನೀರಲ್ಲೂ ಇರುತ್ತದೆ. ಕೆರೆಯ ಅಂಚು, ಕಾಲುವೆ, ಹೊಳೆಯ ಬದಿಯ ತಿಳಿಯಾದ ಮಡು, ಇವು ಒಳ್ಳೆಯ ಜಾಗ. ಜೋರು ಹರಿವಿನ ನಟ್ಟನಡುವೆ ಹುಡುಕಿ ಸುಸ್ತಾಗಬೇಡಿ. ಯುರೋಪಿನ ತೊರೆಗಳಲ್ಲಿರುವ ಆನ್ಸಿಲಸ್ ಫ್ಲೂವಿಯಾಟಿಲಿಸ್ ಎಂಬ ಇನ್ನೊಂದು ಲಿಂಪೆಟ್‌ಗೆ ಹರಿವು, ತಣ್ಣನೆ ನೀರು, ಬರೀ ಕಲ್ಲು ಬೇಕು. ಓದುವವರು ಈ ಎರಡನ್ನೂ ಬೆರೆಸಿಕೊಂಡು ಒಂದರ ಮನೆಯಲ್ಲಿ ಇನ್ನೊಂದನ್ನು ಹುಡುಕುತ್ತಾರೆ. ಸಿಗದೇ ಇರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ.

ದಡದಲ್ಲಿ ನಿಂತು ಐದು ನಿಮಿಷ ಸುಮ್ನೆ ನೋಡಿ. ಮೂರು ವಿಷಯ ಗಮನಿಸಿ. ತಳ ಕಾಣುತ್ತಿದೆಯಾ? ಗಟ್ಟಿಯಾಗಿ ಕೂತಿರುವ, ಅಲುಗದ ವಸ್ತುಗಳಿವೆಯಾ? ಅವುಗಳ ಮೇಲೆ ಹೂಳು ಕೂತಿದೆಯಾ ಅಥವಾ ಬರೀ ತೆಳ್ಳನೆಯ ಕಂದು ಲೋಳೆ ಇದೆಯಾ?

ಆ ಕಂದು ಲೋಳೆಯೇ ಲಿಂಪೆಟ್‌ನ ಊಟ. ಅದರಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ತುಂಬಿರುತ್ತದೆ. ಲಿಂಪೆಟ್ ತನ್ನ ಹಲ್ಲಿನ ಪಟ್ಟಿಯಿಂದ ಅದನ್ನು ಕೆರೆದು ಕೆರೆದು ತಿನ್ನುತ್ತದೆ. ಹಸಿರು ಕೂದಲಿನಂಥ ಉದ್ದ ಪಾಚಿ ದಟ್ಟವಾಗಿ ಬೆಳೆದಿರುವ ಕಲ್ಲಿನ ಮೇಲೆ ಅದಕ್ಕೆ ಕಾಲೂರಲು ಆಗುವುದಿಲ್ಲ. ಹೂಳು ಮುಚ್ಚಿದ ಕಲ್ಲೂ ಹಾಗೆಯೇ.

ಇವು ಕಂಡರೆ ಅಲ್ಲಿಂದ ವಾಪಸ್ ಬನ್ನಿ: ನೀರಿನ ಮೇಲೆ ಎಣ್ಣೆಯ ಪೊರೆ, ಕೊಳೆತ ಮೊಟ್ಟೆಯ ವಾಸನೆ, ತಳದ ಕೆಸರು ಕಪ್ಪಗಿರುವುದು. ಇವೆಲ್ಲ ಆಮ್ಲಜನಕ ಕಮ್ಮಿ ಅನ್ನುವುದರ ಗುರುತು. ಇನ್ನೊಂದು, ನೀರಲ್ಲಿ ನಿಂತಿದ್ದಾಗ ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಕಡ್ಡಿ ಎಲೆ ತೇಲಿ ಬರಲು ಶುರುವಾದರೆ ಮೇಲೆಲ್ಲೋ ಮಳೆ ಬಿದ್ದಿದೆ ಅಂತ ಅರ್ಥ. ಸಾಮಾನು ಬಿಟ್ಟಾದರೂ ಸರಿ, ತಕ್ಷಣ ದಡ ಹತ್ತಿ.

ಸಂರಕ್ಷಿತ ಪ್ರದೇಶವಾಗಿದ್ದರೆ ಅನುಮತಿ ಪಡೆಯದೆ ಏನನ್ನೂ ಎತ್ತಬೇಡಿ, ಕಲ್ಲನ್ನೂ ಕೂಡ.

## ಹಂತ 2: ಕಲ್ಲು ಆರಿಸಿ, ಸರಿಯಾಗಿ ಎತ್ತಿ

ನೂರು ಕಲ್ಲು ತಿರುವುವ ಅಗತ್ಯವಿಲ್ಲ. ಹತ್ತು ಒಳ್ಳೆಯ ಕಲ್ಲು ಸಾಕು. ಅಂಗೈಯಷ್ಟು ಅಗಲ, ನುಣುಪು ಮೈ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ, ಅರ್ಧ ನೆರಳಿನಲ್ಲಿ ಇರುವಂಥದ್ದು. ಮರಳಿನಲ್ಲಿ ಪೂರ್ತಿ ಹೂತುಹೋದ ಕಲ್ಲಿನ ಅಡಿಯಲ್ಲಿ ಏನೂ ಇರುವುದಿಲ್ಲ. ಕೆಳಗೆ ಸ್ವಲ್ಪ ಸಂದು ಇದ್ದು ನೀರು ಆಡುತ್ತಿರಬೇಕು.

ಕಲ್ಲೇ ಆಗಬೇಕೆಂದಿಲ್ಲ. ನೀರಲ್ಲಿ ಮುಳುಗಿದ ಜೊಂಡಿನ ಕಾಂಡ, ತಾವರೆ ಎಲೆಯ ಅಡಿಭಾಗ, ಕೊಳೆಯಲು ಶುರುವಾದ ಗಟ್ಟಿ ಎಲೆ, ದೊಡ್ಡ ಮಸ್ಸೆಲ್ ಚಿಪ್ಪು, ಯಾರೋ ಎಸೆದ ಗಾಜಿನ ಬಾಟಲಿ, ಎಲ್ಲವನ್ನೂ ನೋಡಿ. ಫೆರಿಸ್ಸಿಯಾ ಇಂಥ ಎಲೆ, ಕಾಂಡ, ಬಾಟಲಿಗಳ ಮೇಲೆ ಚೆನ್ನಾಗಿ ಸಿಗುತ್ತದೆ. ಬಾಟಲಿಯಾದರೆ ಇನ್ನೂ ಅನುಕೂಲ, ಒಳಗಿನಿಂದ ಬೆಳಕು ಬಿಟ್ಟರೆ ಹುಳುವಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

ಎತ್ತುವಾಗ ಕಲ್ಲಿನ ಯಾವ ಮೈ ಮೇಲಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಟ್ರೇಯನ್ನು ಮೊದಲೇ ಅದೇ ಜಾಗದ ನೀರಿನಿಂದ ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರಿ. ಕಲ್ಲನ್ನು ನಿಧಾನಕ್ಕೆ, ಅಡಿಗೆ ಕೈ ಕೊಟ್ಟು ಎತ್ತಿ, ನೇರ ಟ್ರೇಗೆ. ಗಾಳಿಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ನಿಲ್ಲಬೇಡಿ. ಗಾಳಿಗೆ ಬಂದ ಲಿಂಪೆಟ್ ಚಿಪ್ಪನ್ನು ಕಲ್ಲಿಗೆ ಒತ್ತಿಕೊಂಡು ಕೂತುಬಿಡುತ್ತದೆ. ಒದ್ದೆ ಕಲ್ಲಿನ ಹೊಳಪಿನಲ್ಲಿ ಆಮೇಲೆ ಅದು ಒಂದು ಚುಕ್ಕೆಯ ಹಾಗೂ ಕಾಣುವುದಿಲ್ಲ.

## ಹಂತ 3: ಕಾಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಟ್ರೇ ನೆರಳಿನಲ್ಲಿರಲಿ. ನೀರು ಕಲ್ಲನ್ನು ಪೂರ್ತಿ ಮುಚ್ಚಿರಲಿ. ಐದರಿಂದ ಹತ್ತು ನಿಮಿಷ ಕೈ ಹಾಕಬೇಡಿ, ಟ್ರೇ ಅಲುಗಿಸಬೇಡಿ.

ಕದಡಿದ ಹೂಳು ತಳಕ್ಕೆ ಕೂರುತ್ತದೆ. ಭಯದಿಂದ ಒತ್ತಿಕೊಂಡಿದ್ದ ಲಿಂಪೆಟ್ ಮೆಲ್ಲಗೆ ಚಿಪ್ಪು ಸಡಿಲಿಸುತ್ತದೆ. ಆಗ ಲೆನ್ಸ್ ಹಿಡಿದು ಕಲ್ಲಿನ ಮೈಯನ್ನು ಬದಿಯಿಂದ, ತುಂಬಾ ಓರೆಯಾಗಿ ನೋಡಿ. ಮೇಲಿನಿಂದ ನೋಡಿದರೆ ಚಪ್ಪಟೆ ಕಲೆ, ಓರೆಯಿಂದ ನೋಡಿದರೆ ಪುಟ್ಟ ಉಬ್ಬು. ಒಂದು ಉಬ್ಬಿನ ಮೇಲೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡುತ್ತಲೇ ಇರಿ. ಚಿಪ್ಪಿನ ಒಂದು ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ, ಅಲ್ಲಿಂದ ಎರಡು ಬಿಳಿ ಮೀಸೆ ಹೊರಬರುತ್ತವೆ, ಮೀಸೆಯ ಬುಡದಲ್ಲಿ ಎರಡು ಕಪ್ಪು ಚುಕ್ಕಿ, ಅವು ಕಣ್ಣು. ಆಮೇಲೆ ಇಡೀ ಚಿಪ್ಪು ಒಂದು ಚೂರು ಮುಂದೆ ಜರುಗುತ್ತದೆ. ಇಷ್ಟು ನೋಡಿದ ಮೇಲೆ ನಿಮ್ಮ ಕಣ್ಣಿಗೆ ರೂಢಿ ಬಿತ್ತು ಅಂತಲೇ ಲೆಕ್ಕ, ಅದೇ ಕಲ್ಲಿನ ಮೇಲೆ ಇನ್ನೂ ನಾಲ್ಕಾರು ತಾವಾಗಿಯೇ ಕಾಣಲು ಶುರುವಾಗುತ್ತವೆ.

ಟ್ರೇ ನೀರು ಬಿಸಿಯಾದ ಹಾಗೆ ಅದರಲ್ಲಿನ ಆಮ್ಲಜನಕ ಕಮ್ಮಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ. ಲಿಂಪೆಟ್ ಹಿಡಿತ ಬಿಟ್ಟು ಟ್ರೇಯಲ್ಲಿ ಉರುಳಿದರೆ, ಪಾದ ಮುದುಡಿಕೊಂಡು ಚಿಪ್ಪಿನೊಳಗೆ ಜೋತಾಡಿದರೆ ಅದಕ್ಕೆ ತೊಂದರೆಯಾಗಿದೆ. ನೋಡುವುದನ್ನು ನಿಲ್ಲಿಸಿ ತಕ್ಷಣ ಸಿಕ್ಕಿದ ಜಾಗಕ್ಕೇ ವಾಪಸ್ ಬಿಡಿ.

## ಹಂತ 4: ಲಿಂಪೆಟ್ ಹೌದೋ ಅಲ್ಲವೋ?

ಮೋಸ ಮಾಡುವ ವಸ್ತುಗಳು ಮುಖ್ಯವಾಗಿ ಮೂರು.

ಮೊದಲನೆಯದು ವಾಟರ್ ಪೆನ್ನಿ ಎಂಬ ದುಂಬಿಯ ಮರಿ. ನಾಣ್ಯದ ಹಾಗೆ ಚಪ್ಪಟೆ, ಕಲ್ಲಿಗೆ ಗಟ್ಟಿಯಾಗಿ ಅಂಟಿರುತ್ತದೆ. ಆದರೆ ಬೆನ್ನಿನ ಮೇಲೆ ಅಡ್ಡಡ್ಡ ಪಟ್ಟಿಗಳಿರುತ್ತವೆ, ತಿರುವಿ ನೋಡಿದರೆ ಆರು ಕಾಲು. ಲಿಂಪೆಟ್‌ಗೆ ಕಾಲೂ ಇಲ್ಲ, ಪಟ್ಟಿಯೂ ಇಲ್ಲ. ಚಿಪ್ಪಿನ ಮೇಲೆ ಇರುವುದು ಮರದ ಉಂಗುರದಂಥ ಬೆಳವಣಿಗೆಯ ಗೆರೆಗಳು.

ಎರಡನೆಯದು ಜಿಗಣೆಯ ಮೊಟ್ಟೆಗೂಡು. ಕಂದು ಬಣ್ಣ, ಮೊಟ್ಟೆಯಾಕಾರ, ಅಳತೆಯೂ ಹೆಚ್ಚುಕಮ್ಮಿ ಅದೇ. ಎಷ್ಟು ಕಾದರೂ ಅಲುಗುವುದಿಲ್ಲ. ಹಿಂದಿನ ಹಂತದಲ್ಲಿ ಕಾಯದೆ ಬಂದವರು ಇದಕ್ಕೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೂರನೆಯದು ಮೀನಿನ ಹುರುಪೆ, ಬೀಜದ ಸಿಪ್ಪೆ ಇಂಥವು. ಬ್ರಶ್‌ನಿಂದ ಮೆಲ್ಲಗೆ ನೀರು ತಳ್ಳಿದರೆ ಎದ್ದು ಹೋಗುತ್ತವೆ.

ಚಿಪ್ಪಿನ ಪಕ್ಕದಲ್ಲೇ ಅರ್ಧ ಪಾರದರ್ಶಕವಾದ, ಚಪ್ಪಟೆಯಾದ ಲೋಳೆ ಹನಿಗಳು ಕಂಡರೆ ಅದು ಲಿಂಪೆಟ್‌ನ ಮೊಟ್ಟೆ ಇರಬಹುದು. ಫೆರಿಸ್ಸಿಯಾ ಸಾಮಾನ್ಯವಾಗಿ ಒಂದು ಹನಿಯಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಪ್ರತಿಯೊಂದು ಲಿಂಪೆಟ್ ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಇಲ್ಲದಿದ್ದರೂ ಒಂಟಿಯಾಗಿಯೇ ಮೊಟ್ಟೆ ಇಟ್ಟು ಮರಿ ಮಾಡಬಲ್ಲದು. ಇದನ್ನು ಹಂತ 8ರಲ್ಲಿ ಮತ್ತೆ ನೆನಪಿಸುತ್ತೇನೆ, ಯಾಕೆಂದರೆ ಒಂದು ಹುಳು ತಪ್ಪಿ ಬೇರೆ ಕೆರೆಗೆ ಹೋದರೂ ಸಾಕು.

## ಹಂತ 5: ಕಲ್ಲಿನಿಂದ ಬಿಡಿಸುವುದು, ಬೇಕೇ ಬೇಕಿದ್ದರೆ ಮಾತ್ರ

ಬರೀ ಇದೆಯೋ ಇಲ್ಲವೋ ತಿಳಿಯಬೇಕಿದ್ದರೆ ಈ ಹಂತ ಬೇಡ, ಕಲ್ಲಿನ ಮೇಲೆಯೇ ಫೋಟೊ ತೆಗೆಯಿರಿ. ಅಡಿಭಾಗ ನೋಡಬೇಕಿದ್ದರೆ ಮಾತ್ರ ಬಿಡಿಸಿ.

ಕೂತಿರುವಾಗ ಎಂದೂ ಕೈ ಹಾಕಬೇಡಿ. ನಡೆಯುತ್ತಿರುವಾಗ ಪಾದದ ಹಿಡಿತ ಸಡಿಲವಾಗಿರುತ್ತದೆ. ಆ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಕಲ್ಲಿಗೆ ಮಟ್ಟಸವಾಗಿ ಇಟ್ಟು, ಒಂದೇ ಸಲಕ್ಕೆ, ಒಂದೇ ದಿಕ್ಕಿನಲ್ಲಿ ಅಡಿಗೆ ಜಾರಿಸಿ. ತಡವರಿಸಿದರೆ ಅದು ಮತ್ತೆ ಒತ್ತಿಕೊಳ್ಳುತ್ತದೆ. ಹಾಗಾದರೆ ಬಲ ಹಾಕಬೇಡಿ, ಬಿಟ್ಟುಬಿಡಿ, ಇನ್ನೂ ಹತ್ತು ನಿಮಿಷ ಕಾಯಿರಿ. ಬಿಡಿಸಿದ್ದನ್ನು ಬ್ರಶ್‌ನ ತುದಿಯಿಂದ ನೀರಿರುವ ಡಬ್ಬಿಗೆ ಸಾಗಿಸಿ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಗಾಜಿನ ಸ್ಲೈಡನ್ನು ನೀರಿನಡಿ ಲಿಂಪೆಟ್ ಹೋಗುತ್ತಿರುವ ದಾರಿಯಲ್ಲಿ, ಕಲ್ಲಿಗೆ ತಾಗಿಸಿ ಇಡುವುದು. ತಾಳ್ಮೆ ಇದ್ದರೆ ಅದೇ ಹತ್ತಿ ಬರುತ್ತದೆ. ಆಮೇಲೆ ಸ್ಲೈಡಿನ ಅಡಿಯಿಂದ ನೋಡಿದರೆ ಬಾಯಿ ತೆರೆದು ಮುಚ್ಚುವುದು, ಹಲ್ಲಿನ ಪಟ್ಟಿ ಗಾಜನ್ನು ನೆಕ್ಕಿ ಒಳಗೆ ಹೋಗುವುದು, ಎಲ್ಲವೂ ಲೆನ್ಸಿನಲ್ಲಿ ಕಾಣುತ್ತದೆ. ಇದನ್ನು ಒಮ್ಮೆ ನೋಡಿದವರು ಆಮೇಲೆ ಉಗುರು ಹಾಕಿ ಕೀಳುವುದಿಲ್ಲ.

## ಹಂತ 6: ಎಡವೋ ಬಲವೋ ನೋಡಿ

ಗುರುತಿಸುವುದರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಚಿಪ್ಪಿನ ತುದಿ, ಅಂದರೆ ಟೋಪಿಯ ನೆತ್ತಿ, ನಟ್ಟನಡುವೆ ಇರುವುದಿಲ್ಲ. ಹಿಂದಕ್ಕೆ ಸರಿದಿರುತ್ತದೆ, ಜೊತೆಗೆ ಒಂದು ಪಕ್ಕಕ್ಕೆ ವಾಲಿರುತ್ತದೆ. ಯಾವ ಪಕ್ಕಕ್ಕೆ ಅನ್ನುವುದೇ ಮುಖ್ಯ. ಫೆರಿಸ್ಸಿಯಾದಲ್ಲೂ ಆನ್ಸಿಲಸ್‌ನಲ್ಲೂ ಬಲಕ್ಕೆ. ನಿಂತ ನೀರಿನ ಇನ್ನೊಂದು ಲಿಂಪೆಟ್ ಇದೆ, ಅಕ್ರೊಲಾಕ್ಸಸ್ ಅಂತ, ಅದರದ್ದು ಎಡಕ್ಕೆ. ನೋಡಲು ಹತ್ತಿರ ಹತ್ತಿರ ಇದ್ದರೂ ಅದರ ಕುಟುಂಬವೇ ಬೇರೆ.

ನೋಡುವ ಕ್ರಮ ಹೀಗೆ. ಹುಳುವಿನ ತಲೆ ನಿಮ್ಮಿಂದ ದೂರಕ್ಕೆ, ಬಾಲದ ಕಡೆ ನಿಮ್ಮತ್ತ ಇರುವಂತೆ ಇಟ್ಟುಕೊಳ್ಳಿ. ಅದು ಯಾವ ಕಡೆ ಜರುಗುತ್ತದೋ ಅದೇ ಮುಂಭಾಗ. ಖಾಲಿ ಚಿಪ್ಪಾಗಿದ್ದರೆ ನೆತ್ತಿ ಹತ್ತಿರವಿರುವ ಅಂಚು ಹಿಂಭಾಗ, ಅದನ್ನು ನಿಮ್ಮತ್ತ ತಿರುಗಿಸಿ. ಈಗ ಮೇಲಿನಿಂದ ನೋಡಿ, ನೆತ್ತಿ ನಿಮ್ಮ ಬಲಗೈ ಕಡೆ ಇದೆಯೋ ಎಡಗೈ ಕಡೆ ಇದೆಯೋ?

ಗಾಜಿನ ಅಡಿಯಿಂದ ತೆಗೆದ ಫೋಟೊದಲ್ಲಿ ಎಡ ಬಲ ಅದಲುಬದಲಾಗುತ್ತದೆ. ಅಕ್ವೇರಿಯಂ ಗಾಜಿನ ಒಳಮೈಗೆ ಅಂಟಿದ್ದನ್ನು ಹೊರಗಿನಿಂದ ತೆಗೆದ ಫೋಟೊ ಕೂಡ ಅಡಿಯಿಂದ ತೆಗೆದದ್ದೇ, ಅದನ್ನು ಮರೆಯಬೇಡಿ. ಫೋನಿನ ಮುಂದಿನ ಕ್ಯಾಮೆರಾ ಬಳಸಿದರೆ ಚಿತ್ರ ಕನ್ನಡಿಯ ಹಾಗೆ ಮಗುಚಿರಬಹುದು, ಅದನ್ನು ಬಳಸಲೇಬೇಡಿ.

ಬಲಕ್ಕೆ ಅಂತಾದ ಮೇಲೆ ಎತ್ತರ ನೋಡಿ. ಆನ್ಸಿಲಸ್ ಎತ್ತರದ ಟೋಪಿ, ನೆತ್ತಿ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಫೆರಿಸ್ಸಿಯಾ ತಗ್ಗು, ನೆತ್ತಿ ಮೊಂಡು. ಇನ್ನೂ ಖಚಿತ ಬೇಕಿದ್ದರೆ ಮೈಕ್ರೋಸ್ಕೋಪ್ ಬೇಕು. ಫೆರಿಸ್ಸಿಯಾದ ನೆತ್ತಿಯಿಂದ ಛತ್ರಿಯ ಕಡ್ಡಿಗಳ ಹಾಗೆ ಅತಿ ಸಣ್ಣ ಗೆರೆಗಳು ಹೊರಡುತ್ತವೆ, 40 ಪಟ್ಟು ದೊಡ್ಡದು ಮಾಡಿದರೆ ಕಾಣುತ್ತವೆ. ವಯಸ್ಸಾದ ಚಿಪ್ಪಿನಲ್ಲಿ ನೆತ್ತಿ ಸವೆದಿರುತ್ತದೆ ಅಥವಾ ಪಾಚಿ ಕಟ್ಟಿರುತ್ತದೆ, ಎಳೆಯದನ್ನೇ ನೋಡಿ.

ಕೆಲವು ಚಿಪ್ಪುಗಳ ಅಡಿಯಲ್ಲಿ ಅರ್ಧ ಮುಚ್ಚಿದ ಹಲಗೆಯಂಥ ಗೋಡೆ ಕಾಣಬಹುದು. ಬೇರೆ ಜಾತಿ ಸಿಕ್ಕಿತು ಅಂದುಕೊಳ್ಳಬೇಡಿ. ನೀರು ಒಣಗುವಂಥ ಕಷ್ಟದ ಕಾಲದಲ್ಲಿ ಫೆರಿಸ್ಸಿಯಾ ಈ ಗೋಡೆ ಕಟ್ಟಿಕೊಂಡು ಒಳಗೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬರೀ ಚಿಪ್ಪು ನೋಡಿ ಜಾತಿಯ ಹೆಸರು ಬರೆಯಲು ಹೋಗಬೇಡಿ, "ಫೆರಿಸ್ಸಿಯಾ ಕುಲ" ಅಂತ ನಿಲ್ಲಿಸಿ. ಚಿಪ್ಪಿನ ಆಕಾರ ನೀರಿನ ಹರಿವಿಗೆ, ಕೂತ ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಯುರೋಪಿನಲ್ಲಿ ಫೆರಿಸ್ಸಿಯಾ ವಾಟಿಯೆರಿ ಅಂತ ಕರೆಯುತ್ತಿದ್ದದ್ದು ಹಬ್ಬಿ ಬಂದ ಅಮೆರಿಕದ ಜಾತಿಯೇ ಅಂತ ತಿಳಿದದ್ದು ಡಿಎನ್‌ಎ ಹೋಲಿಸಿದ ಮೇಲೆ.

## ಹಂತ 7: ಫೋಟೊ, ಅಳತೆ, ಟಿಪ್ಪಣಿ

ಮೂರು ಫೋಟೊ ಸಾಕು. ಮೇಲಿನಿಂದ ಒಂದು, ಬದಿಯಿಂದ ಒಂದು, ಗಾಜಿನ ಅಡಿಯಿಂದ ಒಂದು. ಮೂರರಲ್ಲೂ ಗ್ರಾಫ್ ಹಾಳೆ ಕಾಣಬೇಕು. ಬೆರಳಿನ ಪಕ್ಕ ಇಟ್ಟು ತೆಗೆದರೆ ಅಳತೆ ಹೇಳಲು ಬರುವುದಿಲ್ಲ. ಫ್ಲ್ಯಾಶ್ ಹಾಕಬೇಡಿ, ನೀರಿನ ಮೇಲ್ಮೈ ಹೊಳೆದು ಎಲ್ಲ ಹಾಳಾಗುತ್ತದೆ, ಬದಿಯಿಂದ ಟಾರ್ಚ್ ಬೆಳಕು ಬಿಡಿ. ಎಳೆಯ ಲಿಂಪೆಟ್ ಆಗಿದ್ದರೆ ಚಿಪ್ಪಿನ ಮೂಲಕ ಹೃದಯ ಮಿಡಿಯುವುದೂ ಕಾಣಬಹುದು, ವಿಡಿಯೊ ಮಾಡಿಕೊಳ್ಳಿ.

ನೋಟ್‌ಬುಕ್‌ನಲ್ಲಿ ದಿನಾಂಕ, ಜಾಗ, ಆಳ, ಯಾವುದರ ಮೇಲೆ ಸಿಕ್ಕಿತು, ಎಷ್ಟು ಕಲ್ಲು ನೋಡಿದಿರಿ, ಎಷ್ಟರಲ್ಲಿ ಇತ್ತು ಅಂತ ಬರೆಯಿರಿ. ಏನೂ ಸಿಗದ ಕಲ್ಲನ್ನೂ ಎಣಿಸಿ. ಹತ್ತರಲ್ಲಿ ಮೂರು ಅಂದರೆ ಅದಕ್ಕೊಂದು ಬೆಲೆ ಇದೆ, "ತುಂಬಾ ಇತ್ತು" ಅಂದರೆ ಇಲ್ಲ.

ಖಾಲಿ ಚಿಪ್ಪು ಸಿಕ್ಕರೆ ಒಣಗಿಸಿ ಹತ್ತಿಯ ಮೇಲೆ ಇಡಿ. ಫಾರ್ಮಾಲಿನ್‌ಗೆ ಹಾಕಬೇಡಿ, ಅದು ಹುಳಿಯಾಗಿ ಚಿಪ್ಪನ್ನೇ ಕರಗಿಸುತ್ತದೆ.

## ಹಂತ 8: ವಾಪಸ್ ಇಡುವುದು, ತೊಳೆಯುವುದು

ಕಲ್ಲನ್ನು ಎತ್ತಿದ ಜಾಗದಲ್ಲೇ, ಮೊದಲಿದ್ದ ಮೈ ಮೇಲಾಗಿಯೇ ಇಡಿ. ಅಡಿಮೈಯನ್ನು ಮೇಲೆ ಮಾಡಿ ಬಿಟ್ಟು ಬಂದರೆ ನೆರಳಲ್ಲಿ ಬದುಕುತ್ತಿದ್ದ ಎಲ್ಲ ಜೀವಿಗಳೂ ಬಿಸಿಲಿಗೆ ಬೀಳುತ್ತವೆ. ಬಿಡಿಸಿದ ಲಿಂಪೆಟ್ ಅನ್ನು ನೀರಿಗೆ ಎಸೆಯಬೇಡಿ. ಟ್ರೇಯಲ್ಲೇ ಕಲ್ಲಿನ ಮೇಲೆ ಇಟ್ಟು, ಪಾದ ಹಿಡಿದುಕೊಂಡಿತು ಅಂತ ಖಾತ್ರಿಯಾದ ಮೇಲೆ ಕಲ್ಲಿನ ಸಮೇತ ಇಳಿಸಿ.

ಟ್ರೇ, ಬ್ರಶ್, ಬೂಟು ಎಲ್ಲವನ್ನೂ ಅಲ್ಲೇ ಜಾಲಾಡಿಸಿ, ಮನೆಯಲ್ಲಿ ಬಿಸಿನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಒಂದು ಕೆರೆಯಿಂದ ನೇರ ಇನ್ನೊಂದು ಕೆರೆಗೆ ಒದ್ದೆ ಬೂಟಿನಲ್ಲಿ ಹೋಗಬೇಡಿ. ಬೂಟಿನ ಮಡಿಕೆಯಲ್ಲಿ ಉಳಿದ ಒಂದೇ ಒಂದು ಲಿಂಪೆಟ್ ಹೊಸ ನೀರಿನಲ್ಲಿ ಸಂಸಾರ ಹೂಡಬಲ್ಲದು. ಕೈಗಳನ್ನು ಸೋಪಿನಿಂದ ತೊಳೆದ ಮೇಲೆಯೇ ಊಟ.

## ಹತ್ತು ಕಲ್ಲು ನೋಡಿಯೂ ಸಿಗಲಿಲ್ಲವಾ?

ಬೆಳಕು ಬಿದ್ದರೆ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಥವಾ ನುಣುಪಾದ ಟೈಲ್ಸ್ ತುಂಡನ್ನು ಕಲ್ಲಿಗೆ ಕಟ್ಟಿ, ಒಂದು ಗೇಣು ಆಳದಲ್ಲಿ ಬಿಡಿ. ಗುರುತಿಗೆ ದಡದ ಗಿಡಕ್ಕೆ ದಾರ ಕಟ್ಟಿ. ಮೂರು ನಾಲ್ಕು ವಾರ ಮುಟ್ಟಬೇಡಿ. ಮೊದಲು ಕಂದು ಲೋಳೆ ಕಟ್ಟಬೇಕು, ಆಮೇಲೆಯೇ ಲಿಂಪೆಟ್ ಬರುವುದು. ವಾರಕ್ಕೊಮ್ಮೆ ಎತ್ತಿ ನೋಡುವವರ ಹಾಳೆಗೆ ಲೋಳೆ ಸರಿಯಾಗಿ ಕಟ್ಟುವುದೇ ಇಲ್ಲ. ಕೆಲಸ ಮುಗಿದ ಮೇಲೆ ಹಾಳೆ, ದಾರ ಎರಡನ್ನೂ ತಪ್ಪದೆ ತೆಗೆದುಕೊಂಡು ಬನ್ನಿ.

## ಮನೆಯ ಅಕ್ವೇರಿಯಂ ಗಾಜಿನಲ್ಲೇ ಕಂಡರೆ

ಗಾಜಿನ ಮೇಲೆ ಎಳ್ಳಿನಂಥ ಮಾಸಲು ಚುಕ್ಕಿಗಳು, ನಿಧಾನಕ್ಕೆ ಜಾಗ ಬದಲಿಸುತ್ತಿವೆ ಅಂದರೆ ಬಹುಶಃ ಗಿಡಗಳ ಜೊತೆ ಬಂದ ಲಿಂಪೆಟ್. ಮೀನಿಗೆ ತೊಂದರೆ ಇಲ್ಲ, ಗಾಜಿನ ಲೋಳೆ ತಿಂದುಕೊಂಡಿರುತ್ತವೆ. ತಾಮ್ರ ಇರುವ ಔಷಧಿ ಹಾಕಿ ಕೊಲ್ಲಲು ಹೋಗಬೇಡಿ, ತಾಮ್ರ ಉಳಿದೆಲ್ಲ ಬಸವನಹುಳು, ಸೀಗಡಿಗಳಿಗೂ ವಿಷ. ಸಂಖ್ಯೆ ಜಾಸ್ತಿ ಅನ್ನಿಸಿದರೆ ಮೀನಿಗೆ ಹಾಕುವ ಆಹಾರ ಕಮ್ಮಿ ಮಾಡಿ, ಗಾಜು ಒರೆಸಿ. ಆ ನೀರನ್ನಾಗಲಿ ಗಿಡಗಳನ್ನಾಗಲಿ ಕೆರೆ, ಹೊಳೆ, ಮಳೆನೀರಿನ ಚರಂಡಿಗೆ ಚೆಲ್ಲಬೇಡಿ. ನೀರನ್ನು ಒಣ ಮಣ್ಣಿಗೆ ಸುರಿಯಿರಿ, ಗಿಡಗಳನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ ಆಮೇಲೆ ಬಿಸಾಡಿ.